ಕಡಿಮೆ ಅಂಕಗಳಿಗೆ ಕಾರಣ

ನಮ್ಮೂರಿನ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ತರಗತಿಗೆ ಎರಡು ಕೋಣೆಗಳಿವೆ. ಒಂದರಲ್ಲಿ ಇವತ್ತಿನ ಪಾಠ ನಡೆಯುತ್ತದೆ, ಇನ್ನೊಂದರಲ್ಲಿ ನಿನ್ನೆಯ ಪಾಠ ಕೇಳಿಸುತ್ತದೆ. ಮರುದಿನ ಎರಡೂ ಅದಲುಬದಲಾಗುತ್ತವೆ. ಆ ನಿನ್ನೆಯ ಕೋಣೆಯ ಬೀಗದ ಕೈ ಆರು ವರ್ಷ ನನ್ನ ಹತ್ತಿರ ಇತ್ತು. ಹತ್ತೂವರೆಗೆ ಬಾಗಿಲು ತೆಗೆದು, ಹಿಂದಿನ ದಿನ ಬರಲಾಗದಿದ್ದವರನ್ನು ಒಳಗೆ ಕೂರಿಸಿ, ಯಾರೂ ಬಾಯಿ ಬಿಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಯಾರಾದರೂ ಒಂದು ಮಾತಾಡಿದರೆ ಅದು ಮರುದಿನದ ಪಾಠದ ನಡುವೆ ಬಂದು ಕೇಳಿಸಿ, ಮೇಷ್ಟ್ರುಗಳು ನನ್ನನ್ನು ಬೈಯುತ್ತಿದ್ದರು. ಶನಿವಾರದ ಪಾಠಕ್ಕಾಗಿ ಭಾನುವಾರವೂ ಬರಬೇಕಿತ್ತು. ನನ್ನ ರಜೆ ಸೋಮವಾರ.

ನಮ್ಮೂರಲ್ಲಿ ಗೋಡೆಗಳ ಒಳಗೆ ಆಡಿದ ಮಾತು ಮರುದಿನ ಅದೇ ಹೊತ್ತಿಗೆ ಅಲ್ಲೇ ಇನ್ನೊಂದು ಸಲ ಕೇಳಿಸುತ್ತದೆ. ಊರಿಗೆ ಹೊಸದಾಗಿ ಬಂದವರಿಗೆ ಇದೆಲ್ಲ ಒಂದು ತಿಂಗಳು ಕಷ್ಟ. ಆಮೇಲೆ ಅವರೂ ನಮ್ಮಂತೆ ಜಗಳವಾಡಲು ಅಂಗಳಕ್ಕೆ ಇಳಿಯುತ್ತಾರೆ, ಮದುವೆಯ ಮಾತುಕತೆಗೆ ಹೊರಗಿನ ಕಟ್ಟೆಯ ಮೇಲೆ ಕೂರುತ್ತಾರೆ. ಡಾಕ್ಟರು ಕೆಟ್ಟ ಸುದ್ದಿ ಹೇಳಬೇಕಾದಾಗ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗುತ್ತಾರೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಮರುದಿನ ಉಳಿದವರು ಆ ಕೋಣೆಯಲ್ಲಿ ಸುಮ್ಮನೆ ಕೂತು ಹೋದವರ ಕಡೆಯ ಮಾತುಗಳನ್ನು ಕೇಳಿ ಎದ್ದು ಬರುತ್ತಾರೆ. ನನ್ನ ಅವ್ವ ಹೋದಾಗ ನನಗೆ ಒಂಬತ್ತು ವರ್ಷ. ಮರುದಿನ ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. "ಕಸ್ತೂರಿ ಉಂಡಳೇನು?" ಎಂದು ಅವ್ವ ಕೇಳಿದಳು. ನಾನು "ಹೂಂ" ಅಂದೆ. ಮೂರನೆಯ ದಿನ ಆ ಕೋಣೆಯಲ್ಲಿ ನನ್ನ "ಹೂಂ" ಒಂದೇ ಕೇಳಿಸಿತಂತೆ. ಅಪ್ಪ ಇದನ್ನು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

ನಾನು ಇದೇ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವಳು. ಬಂದದ್ದು ನೂರಕ್ಕೆ ನಲವತ್ನಾಲ್ಕು. ಆ ಅಂಕಪಟ್ಟಿ ಹಿಡಿದು ಅಲ್ಲಿ ಇಲ್ಲಿ ತಿರುಗಿ, ಕಡೆಗೆ ಸಿಕ್ಕಿದ್ದು ಈ ಕೆಲಸ. ಮೊದಲ ವರ್ಷವೆಲ್ಲ ನಾನು ಆ ಕೋಣೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಸೂತಿ ಹಾಕುತ್ತಿದ್ದೆ. ಪಾಠ ಗಾಳಿಯ ಹಾಗೆ ಬಂದು ಹೋಗುತ್ತಿತ್ತು. ಒಂದು ದಿನ ಕೋಣೆಗೆ ಒಬ್ಬನೇ ಹುಡುಗ ಬಂದಿದ್ದ, ಅವನೂ ಹತ್ತು ನಿಮಿಷಕ್ಕೆ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋದ. ಹಿಂದಿನ ದಿನ ಪಾಠ ಮಾಡಿದ್ದ ಇನಾಮದಾರ ಮೇಡಂ ಅವರ ದನಿ ಮಾತ್ರ ಖಾಲಿ ಕೋಣೆಯಲ್ಲಿ ಅಷ್ಟು ಕಕ್ಕುಲಾತಿಯಿಂದ ಏನನ್ನೋ ವಿವರಿಸುತ್ತಿತ್ತು. ಯಾರೂ ಕೇಳುತ್ತಿಲ್ಲವಲ್ಲ ಎಂದು ಸಂಕಟವಾಗಿ, ಸೂಜಿ ಕೆಳಗಿಟ್ಟು ನಾನು ಕೇಳಿದೆ. ಮರುದಿನವೂ ಕೇಳಿದೆ. ಆಮೇಲೆ ಬಿಡಲಿಲ್ಲ.

ತೊಂದರೆ ಏನೆಂದರೆ ಕೋಣೆಯಲ್ಲಿ ಉಳಿಯುವುದು ಮಾತು ಮಾತ್ರ. ಹಲಗೆಯ ಮೇಲೆ ಬರೆದದ್ದನ್ನು ಸಂಜೆಯೇ ಒರೆಸಿರುತ್ತಾರೆ. ಮೇಡಂ ಅವರಿಗೆ ಹಲಗೆಗೆ ಬೆರಳು ಮಾಡಿ ಮಾತಾಡುವ ಅಭ್ಯಾಸ. "ಇದನ್ನ ಇಲ್ಲಿಗೆ ತಂದ್ರ, ಇದು ಹೋಗ್ತದ. ಹೋದ ಮ್ಯಾಲೆ ಇದು ಇದಕ್ಕ ಸಮ ಆಗ್ತದ. ಹೌದಲ್ಲ?" ಹೌದೋ ಅಲ್ಲವೋ, ನನಗೆ ಕಾಣುವುದು ಒದ್ದೆ ಬಟ್ಟೆಯ ಗುರುತಿರುವ ಕರಿ ಹಲಗೆ ಅಷ್ಟೇ. ನಾನು ಆ ಮಾತುಗಳನ್ನು ಹಾಗೆಯೇ ಬರೆದುಕೊಂಡು, ಗ್ರಂಥಾಲಯದ ಪುಸ್ತಕ ತಂದು, ಯಾವ 'ಇದು' ಯಾವುದು ಎಂದು ಹುಡುಕುತ್ತಿದ್ದೆ. ಒಂದು ಗಂಟೆಯ ಪಾಠಕ್ಕೆ ನನಗೆ ನಾಲ್ಕು ದಿನ ಹಿಡಿಯುತ್ತಿತ್ತು. ಅಷ್ಟರಲ್ಲಿ ಇನ್ನು ಮೂರು ಪಾಠ ಬಂದಿರುತ್ತಿದ್ದವು. ನಾನು ಜಾಣೆಯಲ್ಲ. ಅರ್ಧ ತಿಳಿಯುತ್ತಿತ್ತು, ಅರ್ಧ ಬಿಟ್ಟು ಹೋಗುತ್ತಿತ್ತು. ಒಂದು ತಂಡ ಎರಡು ವರ್ಷ ಕಲಿತು ಹೋದರೆ ಅದೇ ಪಾಠಗಳು ಮತ್ತೆ ಮೊದಲಿಂದ ಬರುತ್ತಿದ್ದವು, ಆಗ ಇನ್ನಷ್ಟು ತಿಳಿಯುತ್ತಿತ್ತು.

ಆರನೆಯ ವರ್ಷದ ಬೇಸಿಗೆಯಲ್ಲಿ, ಇನಾಮದಾರ ಮೇಡಂ ಇನ್ನೆರಡು ವರ್ಷಕ್ಕೆ ನಿವೃತ್ತರಾಗುತ್ತಾರೆ ಎಂದು ತಿಳಿಯಿತು. ಹೊಸದಾಗಿ ಸೇರುವ ತಂಡವೇ ಅವರು ಮೊದಲಿಂದ ಕಡೆಯವರೆಗೆ ಪಾಠ ಮಾಡುವ ಕಡೆಯ ತಂಡ. ನನಗೆ ಮೂವತ್ಮೂರು. ಎರಡು ದಿನ ಯೋಚಿಸಿ ಮೂರನೆಯ ದಿನ ನಾನು ಆಫೀಸಿನ ಮೌಲಾಸಾಬರ ಮುಂದೆ ನಿಂತು ಪ್ರವೇಶದ ಅರ್ಜಿ ಕೇಳಿದೆ.

ಮೌಲಾಸಾಬರು ಇಪ್ಪತ್ತೈದು ವರ್ಷದಿಂದ ಅದೇ ಮೇಜಿನಲ್ಲಿ ಕೂತವರು. ನನ್ನ ಅಂಕಪಟ್ಟಿ ನೋಡಿ ಕನ್ನಡಕ ತೆಗೆದರು. ಮಾತಾಡಲು ನನ್ನನ್ನು ಹೊರಗಿನ ಮೆಟ್ಟಿಲ ಮೇಲೆ ಕರೆದುಕೊಂಡು ಬಂದರು.

"ಐವತ್ತು ಇರಬೇಕವ್ವ. ನಿನ್ನದು ನಲವತ್ನಾಲ್ಕು."

"ಗೊತ್ತೈತ್ರಿ. ಏನೂ ದಾರಿ ಇಲ್ಲೇನ್ರಿ?"

ಅವರು ಕೈಯಲ್ಲಿದ್ದ ಅರ್ಜಿಯನ್ನು ತಿರುವಿದರು. "ಒಂದೈತಿ. ನಲವತ್ತರ ಮ್ಯಾಗ ಇದ್ದವರು ಕಾರಣ ಬರದು ಕೊಟ್ರ ಸಮಿತಿಯವರು ನೋಡಬಹುದು ಅಂತ ನಿಯಮ ಐತಿ. ಅರ್ಜಿಯ ಹಿಂದಿನ ಪುಟದಾಗ ಜಾಗಾ ಐತಿ ನೋಡು. 'ಕಡಿಮೆ ಅಂಕಗಳಿಗೆ ಕಾರಣ' ಅಂತ. ಚಲೋ ಕಾರಣ ಬೇಕು. ಜಡ್ಡು ಅಂತ ಬರದ್ರ ಲಗೂನ ಆಗ್ತೈತಿ."

"ನನಗ ಏನೂ ಜಡ್ಡು ಆಗಿರಲಿಲ್ರಿ."

"ನಿನಗ ಆಗದಿದ್ರ ಮನ್ಯಾಗ ಯಾರಿಗರ ಆಗಿರ್ತೈತಿ. ನೆನಪು ಮಾಡಿಕೋ." ಅವರು ಎದ್ದು ಒಳಗೆ ಹೋಗುವಾಗ ನನ್ನ ತಲೆಯ ಮೇಲೆ ಅರ್ಜಿಯನ್ನು ಮೆಲ್ಲಗೆ ತಟ್ಟಿ ಕೈಗೆ ಕೊಟ್ಟರು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಮೂವತ್ತೆಂಟು ವರ್ಷ ಬಸ್ಸಿನಲ್ಲಿ ಕೂಗಿ ಕೂಗಿ ಅವನ ದನಿ ಮನೆಯೊಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೇ ಅವನು ಹಗಲೆಲ್ಲ ಅಂಗಳದ ಕಲ್ಲಿನ ಮೇಲೆ ಕೂತಿರುತ್ತಿದ್ದ. ಅರ್ಜಿಯ ಹಿಂದಿನ ಪುಟವನ್ನು ಓದಿಸಿಕೊಂಡಾಗ ಅವನಿಗೆ ಬಹಳ ಖುಷಿಯಾಯಿತು.

"ಇದರಾಗ ಚಿಂತಿ ಮಾಡೂದು ಏನೈತಿ? ನೀ ಮೂರನೇ ವರ್ಷ ಇದ್ದಾಗ ನನಗ ವಿಷಮಜ್ವರ ಬಂದಿತ್ತಿಲ್ಲ? ಹತ್ತು ದಿನ ದವಾಖಾನ್ಯಾಗ ಇದ್ದೆ. ಅದರ ಚೀಟಿ ಇನ್ನೂ ಟ್ರಂಕಿನಾಗ ಅದಾವು. ಅಪ್ಪನ ಸೇವಾ ಮಾಡೂದರಾಗ ಓದಾಕ ಆಗಲಿಲ್ಲ ಅಂತ ಬರಿ."

ನಾನು ಅರ್ಜಿಯನ್ನು ತಿರುವಿ ಕೆಳಗಿಟ್ಟೆ.

"ಸುಳ್ಳಲ್ಲಲ್ಲ ಅದು. ಜ್ವರ ಬಂದದ್ದು ಖರೇನ. ಬಂದ ಜ್ವರ ಹಂಗ ದಂಡ ಆಗೂದು ಯಾಕ?" ಎಂದು ಅಪ್ಪ ಆಗಲೇ ಎದ್ದು ಟ್ರಂಕಿನ ಕಡೆ ಹೊರಟ.

ಜ್ವರ ಬಂದದ್ದು ನಿಜ. ಆ ಹತ್ತು ದಿನ ನಾನು ಊರಲ್ಲೇ ಇರಲಿಲ್ಲ ಎನ್ನುವುದೂ ನಿಜ. ಕಾಲೇಜಿನ ಥ್ರೋಬಾಲ್ ತಂಡದ ಜೊತೆ ಪಂದ್ಯಕ್ಕೆ ಹೋಗಿದ್ದೆ. ನನಗೆ ತಿಳಿಸಬೇಡಿ, ಆಟ ಕೆಡುತ್ತದೆ ಎಂದು ಅಪ್ಪ ಅಕ್ಕಪಕ್ಕದವರಿಗೆಲ್ಲ ಹೇಳಿಟ್ಟಿದ್ದನಂತೆ. ನಾನು ಗೆದ್ದ ಕಪ್ಪು ಹಿಡಿದುಕೊಂಡು ಹಾಡುತ್ತಾ ಮನೆಗೆ ಬಂದಾಗ ಬಾಗಿಲಿಗೆ ಬೀಗ ಇತ್ತು. ದವಾಖಾನೆಗೆ ಓಡಿಹೋಗಿ ನೋಡಿದರೆ ಅಪ್ಪ ಅರ್ಧಕ್ಕರ್ಧ ಇಳಿದಿದ್ದ. ನಕ್ಕು, "ಗೆದ್ರೇನು?" ಎಂದು ಕೇಳಿದ. ಹದಿಮೂರು ವರ್ಷದಲ್ಲಿ ನಾವು ಆ ಮಾತನ್ನು ಮತ್ತೆ ಎತ್ತಿರಲಿಲ್ಲ.

ಅಪ್ಪ ದವಾಖಾನೆಯ ಚೀಟಿಗಳನ್ನು ತಂದು, ಮಡಿಕೆ ಬಿಡಿಸಿ, ಅರ್ಜಿಯ ಪಕ್ಕಕ್ಕೆ ಇಟ್ಟು ಮೇಲೊಂದು ಕಲ್ಲು ಹೇರಿದ. ನಾನು ಎರಡು ದಿನ ಆ ಪುಟವನ್ನು ಖಾಲಿ ಬಿಟ್ಟಿದ್ದೆ. ಏನೇನೋ ಬರೆಯಲು ಹೋದೆ. ತಾಯಿಯಿಲ್ಲದ ಮನೆ ಎಂದು ಬರೆಯಬಹುದಿತ್ತು. ಆದರೆ ಅವ್ವ ಇಲ್ಲವೆಂದು ನಾನು ಓದದೆ ಇದ್ದವಳಲ್ಲ. ಅಪ್ಪ ನನ್ನ ಜಡೆ ಹೆಣೆಯುವುದನ್ನೂ ಕಲಿತಿದ್ದ. ಬೆಳಗಿನ ಐದರ ಬಸ್ಸಿಗೆ ಹೋಗುವ ಮೊದಲು ನನ್ನ ಡಬ್ಬಿ ಕಟ್ಟಿಟ್ಟು ಹೋಗುತ್ತಿದ್ದ. ನನಗೆ ಇಲ್ಲದ್ದು ಯಾವುದೂ ಇರಲಿಲ್ಲ. ಕಡೆಯ ದಿನ ಮಧ್ಯಾಹ್ನ ಆ ಜಾಗದಲ್ಲಿ "ಓದಲಿಲ್ಲ" ಎಂದು ಒಂದೇ ಮಾತು ಬರೆದು ಸಹಿ ಮಾಡಿ ಕೊಟ್ಟೆ. ಮೌಲಾಸಾಬರು ಅದನ್ನು ಎರಡು ಸಲ ಓದಿದರು. ಅವರು ಆಫೀಸಿನ ಒಳಗೇ ಇದ್ದುದರಿಂದ ಏನೂ ಅನ್ನಲಿಲ್ಲ, ಹಣೆಗೆ ಕೈ ಹಚ್ಚಿಕೊಂಡರು ಅಷ್ಟೇ. ಅಪ್ಪನಿಗೆ ನಾನು ಏನು ಬರೆದೆ ಎಂದು ಹೇಳಲಿಲ್ಲ. ಅವನೂ ಕೇಳಲಿಲ್ಲ. ಚೀಟಿಗಳನ್ನು ಮಡಿಚಿ ಟ್ರಂಕಿಗೆ ಹಾಕಿದ.

ಸಂದರ್ಶನ ಯಾವಾಗಲೂ ಕಾಲೇಜಿನ ಹಿಂದಿನ ಬಯಲಲ್ಲಿ, ಮರದ ಕೆಳಗೆ ನಡೆಯುವಂಥದ್ದು. ಕೇಳಿದವರೂ ಹೇಳಿದವರೂ ಅಲ್ಲಿಗೇ ಮಾತು ಬಿಟ್ಟು ಬರಲಿ ಎಂದು. ಆ ದಿನ ಬೆಳಗಿನಿಂದ ಜಡಿಮಳೆ ಹಿಡಿದು, ನಮ್ಮ ವಿಭಾಗದ ಕೋಣೆಯಲ್ಲೇ ಮೇಜು ಹಾಕಿದರು. ಮೂವರು ಕೂತಿದ್ದರು. ಇನಾಮದಾರ ಮೇಡಂ, ಬೇರೆ ಕಾಲೇಜಿನಿಂದ ಬಂದ ತೇಲಿ ಸರ್, ನಮ್ಮ ಪ್ರಾಂಶುಪಾಲರು. ಐವತ್ತಕ್ಕಿಂತ ಕಡಿಮೆಯವರನ್ನು ಕಡೆಗೆ ಕರೆದರು. ಅದರಲ್ಲೂ ನನ್ನದು ಕಡೆಯ ಹೆಸರು. ಒಂದು ಗಂಟೆಯಾಗಿತ್ತು, ಅವರಿಗೆಲ್ಲ ಹಸಿವಾಗಿತ್ತು.

ತೇಲಿ ಸರ್ ಅರ್ಜಿಯನ್ನು ತಿರುವಿ ನೋಡಿದರು. "ಕಾರಣದ ಜಾಗಾದಾಗ 'ಓದಲಿಲ್ಲ' ಅಂತ ಬರದೀರಿ. ಇದು ಕಾರಣ ಆಗ್ತದೇನು?"

"ಅದ ಕಾರಣ ರೀ."

"ಯಾಕ ಓದಲಿಲ್ಲ?"

"ಆಟ ಆಡಿದೆ ರೀ. ಸಿನಿಮಾ ನೋಡಿದೆ. ಗೆಳತ್ಯಾರ ಜೋಡಿ ತಿರುಗಿದೆ. ಪರೀಕ್ಷಾಕ್ಕ ಹದಿನೈದು ದಿನ ಇದ್ದಾಗ ಪುಸ್ತಕ ತಗದೆ."

ಪ್ರಾಂಶುಪಾಲರು ಒಳ್ಳೆಯವರು. ಮುಂದಕ್ಕೆ ಬಾಗಿ, "ಮನ್ಯಾಗ ಏನರ ತೊಂದರಿ ಇತ್ತೇನು? ನೋಡ್ರಿ, ನೆನಪಿದ್ರ ಹೇಳ್ರಿ" ಎಂದರು.

ಹೇಳಿದ್ದು ಗೋಡೆಯಲ್ಲಿ ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಮಾತು ನಿಲ್ಲಲಿಲ್ಲ. "ಇಲ್ರಿ. ನಮ್ಮಪ್ಪಗ ಒಮ್ಮೆ ವಿಷಮಜ್ವರ ಬಂದಿತ್ತು. ಅದನ್ನ ಬರಿ ಅಂತ ಅವನೂ ಹೇಳಿದ. ಆದ್ರ ಆವಾಗ ನಾ ಊರಾಗ ಇರಲಿಲ್ರಿ, ಆಟಕ್ಕ ಹೋಗಿದ್ದೆ. ಅವಗ ನೀರು ಕೊಡಾಕೂ ನಾ ಇರಲಿಲ್ಲ. ಅದನ್ನ ಹೆಂಗ ಬರೀಲಿ? ನಮ್ಮಪ್ಪ ನನಗ ಏನೂ ಕಡಿಮಿ ಮಾಡಿರಲಿಲ್ರಿ. ಕಡಿಮಿ ಮಾಡಿದಾಕಿ ನಾನ."

ಆಮೇಲೆ ಇನಾಮದಾರ ಮೇಡಂ ಮೊದಲ ಸಲ ಮಾತಾಡಿದರು. "ಈಗ ಯಾಕ ಬೇಕು?"

ಅದಕ್ಕೆ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದೆ, ಆದರೆ ಅದು ಆ ಹೊತ್ತಿಗೆ ಮರೆತುಹೋಯಿತು. "ಆರು ವರ್ಷ ನಿಮ್ಮ ಪಾಠ ಕೇಳೀನ್ರಿ. ಒಬ್ಬಾಕಿನ ಕುಂತು ಕೇಳಿದ್ರ, ಸರಿ ತಿಳಕೊಂಡೀನೋ ತಪ್ಪು ತಿಳಕೊಂಡೀನೋ ಹೇಳವ್ರು ಇರೂದಿಲ್ಲ."

ಮೇಡಂ ಒಂದು ಹಾಳೆ ಮುಂದಿಟ್ಟರು. ಸಂಖ್ಯೆಗಳ ಒಂದು ಸಾಲು ಏರುತ್ತಲೇ ಹೋಗುತ್ತದೆ, ಆದರೆ ಯಾವುದೋ ಒಂದು ಗೆರೆಯನ್ನು ಎಂದೂ ದಾಟುವುದಿಲ್ಲ. ಹಾಗಿದ್ದರೆ ಆ ಸಾಲು ಒಂದು ನೆಲೆಯ ಕಡೆಗೇ ಹೋಗುತ್ತದೆ ಎಂದು ಸಾಧಿಸಬೇಕಿತ್ತು. ನಾನು ಹತ್ತು ನಿಮಿಷ ಬರೆದೆ. ನಡುವೆ ಎಲ್ಲೋ ಜಾರಿತು ಎಂದು ಕೈಗೆ ಗೊತ್ತಾಗುತ್ತಿತ್ತು, ಎಲ್ಲಿ ಎಂದು ಗೊತ್ತಾಗಲಿಲ್ಲ. ಮೇಡಂ ಅದನ್ನು ಓದಿ, ಏನೂ ಹೇಳದೆ, ಕಡತದಲ್ಲಿ ಇಟ್ಟುಕೊಂಡರು. "ಆತು, ನೀವು ಹೋಗಬಹುದು" ಎಂದರು ತೇಲಿ ಸರ್.

ಮರುದಿನ ಆ ಕೋಣೆಯ ಬಾಗಿಲು ತೆಗೆಯುವ ಕೆಲಸ ನನ್ನದೇ. ಸಂದರ್ಶನಕ್ಕೆ ಬಂದವರು ಬೇಕಾದರೆ ತಮ್ಮ ಪಾಲಿನ ಮಾತುಗಳನ್ನು ಬಂದು ಕೇಳಬಹುದು ಎಂದು ಸೂಚನೆ ಹಾಕಿದ್ದರು. ಯಾರೂ ಬರಲಿಲ್ಲ. ಹನ್ನೆರಡೂಮುಕ್ಕಾಲಿಗೆ ಅಪ್ಪ ಬಂದು ಹೊಸ್ತಿಲ ಹೊರಗೆ ನಿಂತ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ಮೌಲಾಸಾಬ ಹೇಳಿದ. ನಾ ಒಳಗ ಕುಂಡ್ರಬಹುದೇನು?"

ಬೇಡ ಎನ್ನಬೇಕು ಅನ್ನಿಸಿತು. ಬೇಡ ಎಂದರೆ ಅವನು ತಿರುಗಿ ಹೋಗುತ್ತಿದ್ದ, ಯಾಕೆ ಎಂದೂ ಕೇಳುತ್ತಿರಲಿಲ್ಲ. ಅದಕ್ಕೇ ಬೇಡ ಎನ್ನಲಾಗಲಿಲ್ಲ. "ಬಾ. ಒಳಗ ಮಾತಾಡಬ್ಯಾಡ" ಎಂದೆ. ಅಪ್ಪ ಚಪ್ಪಲಿ ಬಿಟ್ಟು ಬಂದು ಮೊದಲನೆಯ ಬೆಂಚಿನಲ್ಲಿ ಕೂತು, ತನ್ನ ದನಿಯ ಮೇಲೆ ತನಗೇ ನಂಬಿಕೆಯಿಲ್ಲದವನ ಹಾಗೆ ಟವೆಲನ್ನು ಬಾಯಿಗೆ ಒತ್ತಿ ಹಿಡಿದುಕೊಂಡ. ನಾನು ಅವನ ಹಿಂದಿನ ಬೆಂಚಿನಲ್ಲಿ ಕೂತೆ. ಮುಖ ಕಾಣುವುದು ಬೇಡವಾಗಿತ್ತು.

ನನಗಿಂತ ಮೊದಲಿನವರ ಮಾತು ಮುಗಿದು, ಒಂದಕ್ಕೆ ಸರಿಯಾಗಿ ತೇಲಿ ಸರ್ ದನಿ ಬಂತು. ಆಮೇಲೆ ನನ್ನದು. ನನ್ನ ದನಿ ನನಗೆ ತಿಳಿದಿದ್ದಕ್ಕಿಂತ ತೆಳ್ಳಗಿತ್ತು. "ಅವಗ ನೀರು ಕೊಡಾಕೂ ನಾ ಇರಲಿಲ್ಲ" ಎಂದಾಗ ಅಪ್ಪನ ಬೆನ್ನು ಅಲುಗಾಡಲಿಲ್ಲ. "ಕಡಿಮಿ ಮಾಡಿದಾಕಿ ನಾನ" ಎಂದಾಗ ಅವನು ಟವೆಲನ್ನು ಬಾಯಿಯಿಂದ ಕಣ್ಣಿಗೆ ಏರಿಸಿದ. ನಾನು ಬರೆಯುತ್ತಿದ್ದ ಹತ್ತು ನಿಮಿಷ ಕೋಣೆ ಸುಮ್ಮನಿತ್ತು. "ಆತು, ನೀವು ಹೋಗಬಹುದು." ಆಮೇಲೆ ಪ್ರಾಂಶುಪಾಲರು, "ನಡೀರಿ, ಮಳಿ ನಿಂತದ, ಹೊರಗ ಹೋಗಿ ನಿರ್ಧಾರ ಮಾಡೋಣು" ಎಂದರು. "ನೀವು ನಡೀರಿ, ಎರಡು ನಿಮಿಷದಾಗ ಬಂದೆ" ಎಂದರು ಮೇಡಂ.

ಮುಗಿಯಿತು ಎಂದುಕೊಂಡು ನಾನು ಎದ್ದೆ. ಆಗ ಮೇಡಂ ದನಿ ಮತ್ತೆ ಬಂತು.

"ಕಸ್ತೂರಿ, ನಾಳೆ ಈ ಬಾಗಿಲಾ ನೀನ ತಗೀತಿ, ಅದಕ್ಕ ಹೇಳ್ಲಿಕತ್ತೀನಿ. ನಿರ್ಧಾರ ಏನಾಗ್ತದೋ ನನಗ ಗೊತ್ತಿಲ್ಲ. ಮೂರು ಮಂದಿ ಇದ್ದೀವಿ, ಇನ್ನಿಬ್ಬರ ಮನಸಿನಾಗ ಏನದ ತಿಳಿದಿಲ್ಲ. ಅದು ಹೊರಗಿನ ಮಾತು. ಒಳಗಿಂದು ಇದು. ನೀ ಬರದದ್ದರಾಗ ಒಂದು ತಪ್ಪದ. ಏನು ಹೇಳ್ತೀನಿ ಕೇಳು."

ನಾನು ನಿಂತಲ್ಲೇ ನಿಂತೆ.

"ಸಾಲು ದಾಟದ ಗೆರಿ ಒಂದದ ಅಂತ ಲೆಕ್ಕದಾಗ ಕೊಟ್ಟದ. ನೀ ಅದನ್ನ ಹಿಡಕೊಂಡು, ಸಾಲು ಅದರ ಹತ್ರಾನ ಹೋಗ್ತದ ಅಂದಿ. ಅದು ತಪ್ಪು. ಅಂಥಾ ಗೆರಿ ಬೇಕಾದಷ್ಟು ಇರ್ತಾವ, ಮ್ಯಾಲ ಮ್ಯಾಲ. ಆಕಾಶದಾಗ ಒಂದು ಗೆರಿ ಹೊಡದ್ರೂ ಸಾಲು ಅದನ್ನ ದಾಟಂಗಿಲ್ಲ, ಮುಟ್ಟೂದೂ ಇಲ್ಲ. ಅವೆಲ್ಲಾದರಾಗ ಎಲ್ಲಕಿಂತ ಕೆಳಗಿನ ಗೆರಿ ಯಾವುದದ, ಅದನ್ನ ಹಿಡೀಬೇಕು. ಕೆಳಗಿಂದ ಯಾಕ? ಅದಕ್ಕಿಂತ ಒಂದು ಎಳಿ ಕೆಳಗ ಬಂದು ನಿಂತ್ರ, ಅದು ದಾಟದ ಗೆರಿ ಆಗಿ ಉಳಿಯೂದಿಲ್ಲ. ಅಂದ್ರ ಸಾಲಿನಾಗ ಯಾವುದೋ ಒಂದು ಸಂಖ್ಯಾ ಅದನ್ನ ದಾಟೇದ. ಸಾಲು ಏರತಾನ ಇರ್ತದ, ಒಮ್ಮೆ ದಾಟಿದ ಮ್ಯಾಲೆ ಹಿಂದ ಬರಂಗಿಲ್ಲ. ಮುಂದಿನ ಎಲ್ಲಾ ಸಂಖ್ಯಾ ಆ ಎಳಿಯಷ್ಟು ಜಾಗಾದಾಗ, ಕೆಳಗಿನ ಗೆರಿ ಸನೇಕ ಇರ್ತಾವ. ಎಳಿ ಎಷ್ಟು ಸಣ್ಣದು ಮಾಡಿದ್ರೂ ಇದು ಆಗ್ತದ. ಇಷ್ಟ ಸಾಧನೆ. ನಿನ್ನ ಉಳಿದ ಹೆಜ್ಜಿ ಎಲ್ಲಾ ಸರಿ ಅದಾವ. ಮನಿಗೆ ಹೋಗಿ ಒಮ್ಮೆ ಬರಿ."

ಸ್ವಲ್ಪ ತಡೆದು, "ಊಟ ಮಾಡಿ ಬರಿ" ಎಂದರು. ಆಮೇಲೆ ಕೋಣೆಯಲ್ಲಿ ಏನೂ ಕೇಳಿಸಲಿಲ್ಲ.

ಬಾಗಿಲು ಹಾಕಿಕೊಂಡು ನಾವಿಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಬಯಲು ಇನ್ನೂ ಒದ್ದೆಯಿತ್ತು. ಅಪ್ಪ ಬಹಳ ಹೊತ್ತು ಚಪ್ಪಲಿ ಹಾಕಿಕೊಳ್ಳುತ್ತಲೇ ಇದ್ದ.

"ತಿಳೀತೇನು ಆ ಬಾಯಾರು ಹೇಳಿದ್ದು?"

"ತಿಳೀತಪ್ಪ."

"ನನಗೂ ಸ್ವಲ್ಪ ತಿಳಿದಂಗ ಆತು, ಆ ಕೆಳಗಿನ ಗೆರಿ ಮಟ. ಮುಂದಿಂದು ತಪ್ಪಿತು." ಆಮೇಲೆ ಬೇರೆ ಕಡೆ ನೋಡುತ್ತಾ ಹೇಳಿದ: "ಜ್ವರ ಬಂದಾಗ ನೀ ಇರಲಿಲ್ಲ ಅಂತ ನಾ ಒಂದು ದಿನಾನೂ ಅಂದಿಲ್ಲ."

"ಅಂದಿಲ್ಲ. ಅದಕ್ಕ ನನಗ ಹೇಳಾಕ ಇಷ್ಟು ವರ್ಷ ಹಿಡೀತು."

"ನೀ ಕಪ್ಪು ತಂದಿದ್ದಿಯಲ್ಲ. ರಾತ್ರಿ ನಿನಗ ನಿದ್ದಿ ಹತ್ತಿದ ಮ್ಯಾಲೆ ಅದನ್ನ ತಲಿ ಕಡೆ ಇಟ್ಕೊಂಡು ಮಲಗಿದ್ದೆ. ಬಾಜೂ ಕಾಟಿನವಗ ಎಬ್ಬಿಸಿ ತೋರಿಸಿದ್ದೆ. ಅಂವಾ ಬೈದ." ಅಪ್ಪ ನಕ್ಕ. ನಾನು ಅವನ ತೋಳು ಹಿಡಿದುಕೊಂಡೆ. ಆ ದಿನ ಅವನು ಕಂಡಕ್ಟರ್ ದನಿಯಲ್ಲಿ ಮಾತಾಡಲೇ ಇಲ್ಲ. ಮನೆಗೆ ಬಂದು ಊಟ ಮಾಡಿ, ನಾನು ಆ ಲೆಕ್ಕವನ್ನು ಮೊದಲಿಂದ ಬರೆದೆ. ಸರಿಯಾಗಿ ಬಂತು.

ಎಂಟು ದಿನದ ಮೇಲೆ ಪಟ್ಟಿ ಹಾಕಿದರು. ಹತ್ತು ಹೆಸರುಗಳ ಕೆಳಗೆ ಒಂದು ಗೆರೆ ಎಳೆದು ನನ್ನ ಹೆಸರು ಬರೆದಿದ್ದರು. ಮೊದಲ ಅರ್ಧವರ್ಷದ ಪರೀಕ್ಷೆಯಲ್ಲಿ ಐವತ್ತು ಬರದಿದ್ದರೆ ಪ್ರವೇಶ ರದ್ದು ಎಂದು ಷರತ್ತಿತ್ತು. ತೇಲಿ ಸರ್ ಬೇಡ ಎಂದಿದ್ದರು, ಪ್ರಾಂಶುಪಾಲರು ಷರತ್ತಿನ ಮೇಲೆ ಒಪ್ಪಿದರು ಎಂದು ಮೌಲಾಸಾಬರು ಹೇಳಿದರು. ಮೆಟ್ಟಿಲ ಮೇಲೆ ಬಂದು, "ನಾ ಹೇಳಿದಂಗ ಬರದು ಕೊಟ್ಟಿದ್ರ ಷರತ್ತು ಬರತಿರಲಿಲ್ಲ" ಎಂದು ಗೊಣಗಿದರು. ಹೇಳುತ್ತಲೇ ಜೇಬಿನಿಂದ ಪೇಢೆ ತೆಗೆದು ಕೊಟ್ಟರು. ನನ್ನ ಕೆಲಸವನ್ನು ಮಧ್ಯಾಹ್ನಕ್ಕೆ, ಗ್ರಂಥಾಲಯಕ್ಕೆ ಹಾಕಿದರು. ಷರತ್ತನ್ನು ನಾನು ಐವತ್ಮೂರರಲ್ಲಿ ದಾಟಿದೆ. ಆದರೆ ಅದು ಮುಂದಿನ ಚಳಿಗಾಲದ ಮಾತು.

ನನಗೆ ಹೆಚ್ಚು ನೆನಪಿರುವುದು ಮೊದಲ ದಿನ. ಮೂರನೆಯ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಕೂತ ಹುಡುಗಿಗೆ ಇಪ್ಪತ್ತೊಂದಿರಬೇಕು. ನನ್ನನ್ನು "ಮೇಡಂ" ಎನ್ನಬೇಕೋ "ಅಕ್ಕಾ" ಎನ್ನಬೇಕೋ ತಿಳಿಯದೆ ಸುಮ್ಮನೆ ನಕ್ಕಳು. ಇನಾಮದಾರ ಮೇಡಂ ಬಂದವರೇ ಹಾಜರಿ ಕರೆದರು, ನನ್ನ ಹೆಸರಿಗೂ ಬೇರೆ ಹೆಸರುಗಳಿಗೂ ದನಿಯಲ್ಲಿ ಏನೂ ವ್ಯತ್ಯಾಸ ಮಾಡಲಿಲ್ಲ. ಹಲಗೆಯ ಮೇಲೆ ಒಂದು ಲೆಕ್ಕ ಬರೆದು, "ಯಾರರ ಮಾಡ್ರಿ" ಎಂದು ಕುರ್ಚಿಯಲ್ಲಿ ಕೂತರು. ಎಲ್ಲರೂ ಬಗ್ಗಿ ಬರೆಯತೊಡಗಿದರು. ಐದು ನಿಮಿಷವಾಯಿತು, ಹತ್ತಾಯಿತು. ನನಗೆ ಬರಲಿಲ್ಲ. ಎಷ್ಟು ಸಲ ಮಾಡಿದರೂ ಮೂರನೆಯ ಸಾಲಿಗೆ ನಿಂತುಬಿಡುತ್ತಿತ್ತು. ಪಕ್ಕದ ಹುಡುಗಿ ಮೆಲ್ಲಗೆ ತನ್ನ ವಹಿಯನ್ನು ನನ್ನ ಕಡೆ ಸರಿಸಿ, "ಅಕ್ಕಾ, ನಿಮಗ ಬಂತೇನ್ರಿ?" ಎಂದು ಕೇಳಿದಳು. ಅವಳದೂ ಮೂರನೆಯ ಸಾಲಿಗೆ ನಿಂತಿತ್ತು. ಮುಂದಿನ ಬೆಂಚಿನ ಹುಡುಗ ತಿರುಗಿ ನಮ್ಮಿಬ್ಬರ ವಹಿಗಳನ್ನೂ ನೋಡಿ, ತಲೆ ಕೆರೆದುಕೊಂಡ. ಆ ಕೋಣೆಯಲ್ಲಿ ಆ ಲೆಕ್ಕ ಬರದೆ ಕೂತವರು ನಾವು ಹನ್ನೊಂದು ಮಂದಿ ಇದ್ದೆವು.